ಕೋಳಿ ಇಲ್ಲದ ಸಾಲು

ಏಳು ಗಂಟೆಗೆ ಶುರು ಎಂದ ಮೇಲೆ ಏಳು ಗಂಟೆಗೇ ಶುರುವಾಗಬೇಕು. ಇಷ್ಟು ಸಣ್ಣ ವಿಷಯ ಹವಾನಾ ನಗರದ ಇಡೀ ಲಾ ವಿಬೋರಾ ಬಡಾವಣೆಯಲ್ಲಿ ತನಗೊಬ್ಬಳಿಗೇ ಯಾಕೆ ಅರ್ಥವಾಗಬೇಕು ಎಂಬುದು ಮಿಗ್ದಾಲಿಯಾಳ ಹಳೆಯ ತಕರಾರು. ಆಕೆ ಎಲ್ಲರಿಗಿಂತ ಮೊದಲು ಪಾರ್ಕಿಗೆ ಬಂದು, ಸಿಮೆಂಟು ಬೆಂಚಿನ ಮೇಲೆ ಕುಳಿತು, ಮೊಣಕಾಲು ನೀವಿಕೊಳ್ಳುತ್ತಾ ರಸ್ತೆಯನ್ನೇ ದಿಟ್ಟಿಸುತ್ತಿದ್ದಳು. ಅಜ್ಜ-ಅಜ್ಜಿಯರ ವ್ಯಾಯಾಮ ಬಳಗದ ಉಳಿದ ಸದಸ್ಯರು ಒಬ್ಬೊಬ್ಬರಾಗಿ, ಹೆಣ್ಣು ನೋಡಲು ಬಂದವರ ಹಾಗೆ ನಿಧಾನವಾಗಿ ಬರುತ್ತಿದ್ದರು. ಬಂದವರು ಕೈಕಾಲು ಆಡಿಸುವುದು ಬಿಟ್ಟು ಒಬ್ಬರ ಕೆನ್ನೆಗೊಬ್ಬರು ಮುತ್ತು ಕೊಟ್ಟು, ನಿನ್ನೆ ರಾತ್ರಿ ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ವರದಿ ಒಪ್ಪಿಸುತ್ತಿದ್ದರು. ಎಲ್ಲರಿಗೂ ಒಂದೇ ಕರೆಂಟು, ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬಂದಿರುತ್ತದೆ. ಆದರೂ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಹೇಳಬೇಕು, ಉಳಿದವರು ಕೇಳಬೇಕು.

ಮೇಷ್ಟ್ರು ಒಸ್ಮೆಲ್ ಎಲ್ಲರಿಗಿಂತ ಕೊನೆಗೆ, ಸೈಕಲ್ಲಿನ ಹಿಂದೆ ಸ್ಪೀಕರು ಕಟ್ಟಿಕೊಂಡು ಬರುತ್ತಿದ್ದ. ಕುಸ್ತಿಪಟುಗಳನ್ನು ತಯಾರು ಮಾಡಬೇಕೆಂದು ಓದಿದ ಹುಡುಗ, ನಸೀಬು ಅವನನ್ನು ಮುದುಕ-ಮುದುಕಿಯರ ಕೈಗೆ ತಂದು ಹಾಕಿತ್ತು. ಒಳ್ಳೆಯವನೇ. ಆದರೆ ಒಳ್ಳೆಯತನದಿಂದ ಕಾಲಿಗೆ ಬಲ ಬರುತ್ತದೆಯೇ? ಸ್ಪೀಕರು ಅರ್ಧ ಹಾಡಿಗೆ ಉಸಿರು ಬಿಡುತ್ತಿತ್ತು. ಆಗ ಒಸ್ಮೆಲ್ ಚಪ್ಪಾಳೆ ತಟ್ಟುತ್ತಿದ್ದ. ಕೂಡಲೇ ಎವೆಲಿಯೊ, ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಮುದುಕ, ಚಪ್ಪಾಳೆಯ ತಾಳ ಸರಿಯಿಲ್ಲವೆಂದು ತಾನೇ ತಟ್ಟಲು ಹೊರಡುತ್ತಿದ್ದ. ಕ್ಲೋತಿಲ್ದೆ ಎಂಬಾಕೆ ತುಟಿಗೆ ಬಣ್ಣ ಹಚ್ಚಿ, ಸುಗಂಧ ಪೂಸಿಕೊಂಡು ಬಂದು, ಬೆವರಿದರೆ ಹಾಳಾಗುತ್ತದೆಂದು ಬೆವರದೆ ಮರಳುತ್ತಿದ್ದಳು. ಹೇಳಿ, ಇಂಥವರ ನಡುವೆ ಸಿಟ್ಟಲ್ಲದೆ ಇನ್ನೇನು ಬಂದೀತು?

ಅವರಿಗೆ ಅದು ಹೊತ್ತು ಕಳೆಯುವ ದಾರಿ. ಮಿಗ್ದಾಲಿಯಾಗೆ ಹಾಗಲ್ಲ, ಅವಳಿಗೆ ಅದು ಮನೆಯ ಪ್ರಶ್ನೆ.

ಕಳೆದ ವರ್ಷ ಆಕೆ ತನ್ನ ಕಟ್ಟಡದ ಮೆಟ್ಟಿಲಲ್ಲೇ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಕಾಲಿನ ಧೈರ್ಯ ಕೂಡಲಿಲ್ಲ. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಇಳಿದರೂ ಸರಿ, ಹತ್ತಿದರೂ ಸರಿ, ಪ್ರತಿ ತಿರುವಿನಲ್ಲೂ ಕಿಟಕಿ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಕು. ಇದನ್ನು ನೋಡಿ ನೋಡಿ ಮಗಳು ಯಾನೆಲಿಸ್ ಮನೆ ಬದಲಾಯಿಸುವ ಮಾತೆತ್ತಿದ್ದಳು. ಹವಾನಾದಲ್ಲಿ ಜನ ಮನೆಗೆ ಮನೆ ಕೊಟ್ಟು ಬದಲಾಯಿಸಿಕೊಳ್ಳುವುದು ಹೊಸದೇನಲ್ಲ. ಗ್ವಾನಾಬಕೋವಾದಲ್ಲಿ ಫಿಲಿಬೆರ್ತೊ ಎಂಬುವನೊಬ್ಬನಿದ್ದನಂತೆ. ಅವನದು ನೆಲಮಹಡಿಯ ಮನೆ, ಅಂಗಳದಲ್ಲೇ ನೀರಿನ ತೊಟ್ಟಿ. ಅವನಿಗೆ ಪಾರಿವಾಳದ ಹುಚ್ಚು, ಎತ್ತರದ ಮನೆ ಬೇಕು. ಅವನ ಪಾರಿವಾಳ ಇಲ್ಲಿ, ತಾನು ಅಲ್ಲಿ! ಕೇಳಿದಾಗಲೇ ಮಿಗ್ದಾಲಿಯಾಳ ಮೈ ಉರಿದುಹೋಗಿತ್ತು. ನಲವತ್ತು ವರ್ಷದಿಂದ ಆಕೆ ಆ ಬಾಲ್ಕನಿಯಲ್ಲಿ ನಿಂತು ಇಡೀ ಬೀದಿಯನ್ನು ಆಳಿದ್ದಾಳೆ. ಅರ್ಧ ಬೀದಿಯ ಜೊತೆ ಜಗಳವಾಡಿದ್ದೂ ಅಲ್ಲಿಂದಲೇ, ಮಿಕ್ಕರ್ಧಕ್ಕೆ ಬುದ್ಧಿ ಹೇಳಿದ್ದೂ ಅಲ್ಲಿಂದಲೇ. ಗ್ವಾನಾಬಕೋವಾದ ನೆಲಮಹಡಿಯಲ್ಲಿ ಕಿಟಕಿ ತೆಗೆದರೆ ಕಾಣುವುದು ಪಕ್ಕದ ಮನೆಯ ಗೋಡೆ.

ತಾಯಿ-ಮಗಳು ಮಾತಿಗೆ ಮಾತು ಬೆಳೆಸಿ, ಎರಡು ದಿನ ಮಾತು ಬಿಟ್ಟು, ಕೊನೆಗೆ ಯಾನೆಲಿಸ್ ಒಂದು ಷರತ್ತಿಗೆ ಬಂದಳು.

"ನೋಡಮ್ಮ, ನೀನು ಕೆಳಗಿಂದ ಮೇಲಿನವರೆಗೂ ಎಲ್ಲೂ ಕೂರದೆ ಹತ್ತಿ ತೋರ್ಸು. ಅವತ್ತಿಂದ ಮನೆ ಬದಲಾಯಿಸೋ ಮಾತು ಎತ್ತಿದ್ರೆ ಕೇಳು. ಆಗ್ಲಿಲ್ಲ ಅಂದ್ರೆ ಫಿಲಿಬೆರ್ತೊಗೆ ಹೂಂ ಅಂತೀನಿ. ತಿಂಗಳ ಕೊನೇ ಶನಿವಾರ ಬರ್ತಾನೆ ಅವನು."

"ಬರ್ಲಿ. ಕಾಫಿ ಕುಡಿಸಿ ಕಳಿಸ್ತೀನಿ," ಎಂದಿದ್ದಳು ಮಿಗ್ದಾಲಿಯಾ. ಮಾರನೆಯ ದಿನವೇ ಬಳಗಕ್ಕೆ ಸೇರಿದ್ದಳು.

ಮೊದಮೊದಲು ಕೆಲಸ ಸಾಗಿತ್ತು ಎಂದೇ ಹೇಳಬೇಕು. ಪಾರ್ಕಿನ ನಡುವೆ ಹಿಂದಿನ ಕಾಲದಲ್ಲಿ ಬ್ಯಾಂಡು ಬಾರಿಸುತ್ತಿದ್ದ ಮಂಟಪವೊಂದಿದೆ; ಅದಕ್ಕೆ ಅಗಲವಾದ ಮೆಟ್ಟಿಲು. ಒಸ್ಮೆಲ್ ಎಲ್ಲರನ್ನೂ ಆ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದ. ಮಿಗ್ದಾಲಿಯಾಳ ಪಕ್ಕದಲ್ಲಿ ಮಾತ್ರ ತಾನೇ ನಿಂತು, ಮೊಣಕೈಗೆ ಬೆರಳು ತಾಗಿಸಿಕೊಂಡಿರುತ್ತಿದ್ದ. ಹಿಡಿಯುತ್ತಿರಲಿಲ್ಲ, ಬರೀ ತಾಗಿಸುವುದು. ಅಷ್ಟು ಸಾಕಾಗಿತ್ತು ಅವಳಿಗೆ. ಬೀಳುವುದಿಲ್ಲ ಎಂಬ ಭರವಸೆ ಸಿಕ್ಕ ಮೇಲೆ ಕಾಲು ಹೇಳಿದ ಹಾಗೆ ಕೇಳತೊಡಗಿತು. ಮನೆಯ ಮೆಟ್ಟಿಲಲ್ಲಿ ಮೊದಲ ತಿರುವಿನ ಕಟ್ಟೆಯನ್ನು ಬಿಟ್ಟಳು, ವಾರ ಕಳೆದು ಎರಡನೆಯದನ್ನೂ ಬಿಟ್ಟಳು. ಕೊನೆಯ ಮಹಡಿಯೊಂದು ಉಳಿದಿತ್ತು.

ಆಗ ಒಂದು ರಾತ್ರಿ ಗಾಳಿಮಳೆ ಬಂದು ಪಾರ್ಕಿನ ದೊಡ್ಡ ಮರವನ್ನು ಉರುಳಿಸಿತು. ಮರದ ಜೊತೆ ನೆರಳೂ ಹೋಯಿತು. ಬಿಸಿಲಲ್ಲಿ ಮುದುಕರನ್ನು ಕುಣಿಸಿದರೆ ನನ್ನ ತಲೆಗೆ ಬರುತ್ತದೆ ಎಂದು ಒಸ್ಮೆಲ್ ಸುತ್ತಮುತ್ತ ನೋಡಿದ. ಬೆಳಗಿನ ಹೊತ್ತಿನಲ್ಲಿ ನೆರಳಿದ್ದದ್ದು ಒಂದೇ ಕಡೆ: ಪಾರ್ಕಿನ ಅಂಚಿನಲ್ಲಿದ್ದ ರೇಷನ್ ಅಂಗಡಿಯ ಪಕ್ಕದ ಗೋಡೆಗುಂಟ, ಒಬ್ಬರು ನಿಲ್ಲುವಷ್ಟು ಅಗಲದ ಪಟ್ಟಿ. ಆದ್ದರಿಂದ ಬಳಗವನ್ನು ಗೋಡೆಗುಂಟ ಒಬ್ಬರ ಹಿಂದೊಬ್ಬರು ನಿಲ್ಲಿಸಿದ. ಎಲ್ಲರಿಗಿಂತ ಮೊದಲು ಬರುವ ಮಿಗ್ದಾಲಿಯಾ ಅಂಗಡಿಯ ಬಾಗಿಲ ಕಡೆಗೆ ಮೊದಲನೆಯವಳು, ಅವಳ ಹಿಂದೆ ಕ್ಲೋತಿಲ್ದೆ, ಹೀಗೆ ಮುಂದುವರಿದು ಕೊನೆಗೆ ಎವೆಲಿಯೊ.

ಇನ್ನು ಹೇಳುವುದೇನಿದೆ! ರೇಷನ್ ಅಂಗಡಿಯ ಗೋಡೆಗೆ ಮುದುಕರು ಸಾಲಾಗಿ ನಿಂತರೆ ಹವಾನಾದ ಮನುಷ್ಯನಿಗೆ ಏನು ಕಾಣುತ್ತದೆ? ವ್ಯಾಯಾಮ ಕಾಣುತ್ತದೆಯೇ? ಬೆಳಗ್ಗೆ ರೊಟ್ಟಿಗೆಂದು ಚೀಲ ಹಿಡಿದು ಹೊರಟ ಹೆಂಗಸೊಬ್ಬಳು ಅವರನ್ನು ನೋಡಿದವಳೇ ರಸ್ತೆ ದಾಟಿ ಬಂದಳು. ಏನು ಬಂದಿದೆ, ಯಾಕೆ ನಿಂತಿದ್ದೀರಿ ಎಂದೇನೂ ಕೇಳಲಿಲ್ಲ. ಅದನ್ನೆಲ್ಲ ಆಮೇಲೆ ಕೇಳಿದರಾಯಿತು, ಮೊದಲು ಜಾಗ ಹಿಡಿಯಬೇಕು.

"ಕೊನೆಯವರು ಯಾರು?" ಎಂದಳು.

ಎವೆಲಿಯೊ ಕೈ ಎತ್ತಿ, "ನಾನೇ ತಾಯಿ," ಎಂದ.

ಬೇಕೆಂದು ಹೇಳಿದ್ದಲ್ಲ, ಪಾಪ. ಹುಟ್ಟಿದಾರಭ್ಯ ಆ ಪ್ರಶ್ನೆಗೆ ಕೈ ಎತ್ತಿಯೇ ಅಭ್ಯಾಸ. ಕೇಳಿದ ಕೂಡಲೇ ಕೈ ತಾನಾಗಿ ಮೇಲೆ ಹೋಯಿತು. ಆಕೆ ಅವನ ಹಿಂದೆ ನಿಂತಳು. ಇನ್ನೊಬ್ಬ ಬಂದು ಅದೇ ಪ್ರಶ್ನೆ ಕೇಳಿದಾಗ ಆಕೆ ಕೈ ಎತ್ತಿದಳು. ಒಸ್ಮೆಲ್ ಸ್ಪೀಕರಿನ ತಂತಿ ಸರಿಪಡಿಸಿ ತಲೆ ಎತ್ತುವಷ್ಟರಲ್ಲಿ ಸಾಲು ಗೋಡೆಯ ಮೂಲೆ ತಿರುಗಿತ್ತು. ಕೋಳಿ ಬರುತ್ತದಂತೆ ಎಂಬ ಮಾತು ಹಿಂದಿನಿಂದ ಹುಟ್ಟಿ ಮುಂದಕ್ಕೆ ಬಂತು. ಮೂಳೆ ಸಮೇತ ತೊಡೆ ಮಾಂಸವಂತೆ, ಪೆಟ್ಟಿಗೆಗಟ್ಟಲೆಯಂತೆ.

ಮಿಗ್ದಾಲಿಯಾ ತಿರುಗಿ ನಿಂತು ಸ್ಪಷ್ಟವಾಗಿ ಹೇಳಿದಳು. ಇದು ವ್ಯಾಯಾಮ, ಕೋಳಿ-ಗೀಳಿ ಏನೂ ಇಲ್ಲ, ಮನೆಗೆ ಹೋಗಿ ಎಂದಳು. ಅಷ್ಟು ಹೇಳಿದ್ದೇ ತಪ್ಪಾಯಿತು. ಅಷ್ಟೊಂದು ಅರ್ಜೆಂಟಾಗಿ ಎಲ್ಲರನ್ನೂ ಓಡಿಸುತ್ತಿದ್ದಾಳೆ ಎಂದರೆ ಕೋಳಿ ಕಮ್ಮಿ ಇದೆ ಎಂದೇ ಅರ್ಥ ಎಂದು ಜನ ಗಟ್ಟಿಯಾಗಿ ನಿಂತುಬಿಟ್ಟರು. ಅಂಗಡಿಯವನು ಹೊರಗೆ ಬಂದು ನನಗೇನೂ ಗೊತ್ತಿಲ್ಲವೆಂದ. ಅಂಗಡಿಯವನು ಗೊತ್ತಿಲ್ಲ ಎಂದಾಗ ನಂಬಿದವರು ಆ ಬಡಾವಣೆಯಲ್ಲಿ ಯಾರೂ ಇಲ್ಲ.

ಒಂದು ದಿನದ ತಮಾಷೆಯಾಗಿದ್ದರೆ ಆಕೆ ಸಹಿಸಿಕೊಳ್ಳುತ್ತಿದ್ದಳೇನೋ. ಮಾರನೆಯ ದಿನ ಇನ್ನೂ ಹೆಚ್ಚು ಜನ ಬಂದರು. ಬಂದವರು ಸುಮ್ಮನೆ ನಿಲ್ಲುವ ಬದಲು ಒಸ್ಮೆಲ್ ಹೇಳಿದಂತೆ ಕೈ ಎತ್ತಿ ಇಳಿಸುತ್ತಿದ್ದರು. ಕಾಯುವಾಗ ಹೊತ್ತು ಹೋಗಬೇಕಲ್ಲ. ಕೈ ಎಷ್ಟು ಬೇಕಾದರೂ ಎತ್ತುವರು, ಕಾಲು ಮಾತ್ರ ಕೀಳರು. ಕಾಲು ಕಿತ್ತರೆ ಜಾಗ ಹೋಗುತ್ತದೆ. ಹೊರಗಿನವರು ಹೋಗಲಿ, ಬಳಗದವರೇ ಹಾಗಾದರು. ಮಂಟಪದ ಮೆಟ್ಟಿಲಿಗೆ ಹೋಗೋಣ ಎಂದರೆ ಕ್ಲೋತಿಲ್ದೆ ಗೋಡೆಗೆ ಅಂಟಿಕೊಂಡಳು. ಎವೆಲಿಯೊ ಅಂತೂ, ಮಹಾರಾಯ್ತಿ, ಕೋಳಿ ಇಲ್ಲ ಅಂತ ನನಗೂ ಗೊತ್ತು, ಆದ್ರೆ ಅಕಸ್ಮಾತ್ ಬಂದ್ರೆ ಎಂದ. ಸಾಲು ಹುಟ್ಟಿದ್ದೇ ಅವನ ಕೈಯಿಂದ. ಈಗ ಅವನೇ ಅದನ್ನು ನಂಬುತ್ತಿದ್ದ. ಮಿಗ್ದಾಲಿಯಾಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮೇಷ್ಟ್ರನ್ನು ಬೆಂಚಿನ ಬಳಿಗೆ ಎಳೆದುಕೊಂಡು ಹೋದಳು. ಕೊನೆಯ ಶನಿವಾರಕ್ಕೆ ಇನ್ನು ಹೆಚ್ಚು ದಿನವಿಲ್ಲ, ಕಾಲಿನ ಕಸರತ್ತು ನಿಂತುಹೋಗಿದೆ, ನಿನ್ನೆ ಮತ್ತೆ ಎರಡನೇ ತಿರುವಿನಲ್ಲಿ ಕೂರಬೇಕಾಯಿತು ಎಂದು ಹೇಳಿಕೊಂಡಳು. ಒಸ್ಮೆಲ್ ತಲೆ ಕೆರೆದುಕೊಂಡ.

"ಅಜ್ಜಿ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಅದೇ ಶನಿವಾರ ಕ್ರೀಡಾ ಕಚೇರಿಯಿಂದ ತಲೆ ಎಣಿಸೋಕೆ ಬರ್ತಾರೆ. ಜಾಸ್ತಿ ಜನ ಇರೋ ಬಳಗಕ್ಕೆ ಹೊಸ ಸ್ಪೀಕರ್ ಕೊಡ್ತಾರಂತೆ. ಅಲ್ಲಿವರೆಗೆ ಒಂಚೂರು ಕೈ ಎತ್ಕೊಂಡಿರಿ."

"ಕೈ ಮೇಲೆ ನಡ್ಕೊಂಡು ಮನೆಗೆ ಹೋಗ್ಲಾ ನಾನು?"

ಅವನು ನಕ್ಕ. ನಕ್ಕಿದ್ದು ನೋಡಿ ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಅಂದು ಒಬ್ಬಳೇ ಮಂಟಪದ ಮೆಟ್ಟಿಲಿಗೆ ಹೋದಳು. ಮೊಣಕೈ ಬಳಿ ಬೆರಳಿಲ್ಲ. ಒಂದು ಕಾಲು ಮೇಲಿಟ್ಟು, ಇನ್ನೊಂದನ್ನು ಎತ್ತಲಾಗದೆ, ಅಲ್ಲೇ ನಡುಗುತ್ತಾ ನಿಂತಳು. ನೋಡುವವರಿಗೆ ಏನೋ ಯೋಚಿಸುತ್ತಿರುವ ಹೆಂಗಸಿನಂತೆ ಕಾಣಲೆಂದು ಆಕಾಶದ ಕಡೆ ಮುಖ ಮಾಡಿದಳು. ಆಮೇಲೆ ಆ ಒಂದು ಕಾಲನ್ನು ಇಳಿಸಿ ಬೆಂಚಿಗೆ ಬಂದು ಕುಳಿತಳು.

ಶನಿವಾರ ಬಂತು. ಯಾನೆಲಿಸ್ ಬೆಳಗ್ಗೆಯೇ ನೆಲ ಒರೆಸಿ, ಬಾಲ್ಕನಿಯ ಬಾಗಿಲು ತೆರೆದಿಟ್ಟಿದ್ದಳು. ಅದನ್ನು ನೋಡಲಾರದೆ ಮಿಗ್ದಾಲಿಯಾ ಕಾಫಿಯನ್ನೂ ಪೂರ್ತಿ ಕುಡಿಯದೆ ಪಾರ್ಕಿಗೆ ಬಂದಳು. ಸಾಲು ಆಗಲೇ ಗೋಡೆ ದಾಟಿ, ಮೂಲೆ ದಾಟಿ, ಔಷಧಿ ಅಂಗಡಿಯ ಮುಂದಿನವರೆಗೂ ಬೆಳೆದಿತ್ತು. ಅವಳ ಮೊದಲಿನ ಜಾಗವನ್ನು ಕ್ಲೋತಿಲ್ದೆ ಕಾಯ್ದಿರಿಸಿದ್ದಳು. ಎಷ್ಟೇ ಆಗಲಿ ಸಾಲಿನ ನ್ಯಾಯ ದೊಡ್ಡದು. ಕ್ರೀಡಾ ಕಚೇರಿಯ ಅಧಿಕಾರಿ, ಟೋಪಿ ಹಾಕಿದ ದಪ್ಪ ಮನುಷ್ಯ, ಇಷ್ಟು ಉತ್ಸಾಹದ ಬಳಗವನ್ನು ನಾನು ಕಂಡೇ ಇಲ್ಲ ಎಂದು ಒಸ್ಮೆಲ್‌ನ ಬೆನ್ನು ತಟ್ಟುತ್ತಿದ್ದ. ಒಸ್ಮೆಲ್ ಕೈ ಮೇಲೆ, ಕೈ ಕೆಳಗೆ ಎಂದು ಕೂಗುತ್ತಿದ್ದ. ಇಡೀ ಬೀದಿ ಕೈ ಎತ್ತಿ ಇಳಿಸುತ್ತಿತ್ತು.

ಮಿಗ್ದಾಲಿಯಾ ಕೈ ಎತ್ತಿದಳು, ಇಳಿಸಿದಳು. ಮತ್ತೆ ಎತ್ತುವಾಗ ಅರ್ಧಕ್ಕೆ ನಿಲ್ಲಿಸಿದಳು. ಸಾಕು ಎನಿಸಿತು. ಸೋಲುವುದಾದರೆ ನನ್ನ ಮೆಟ್ಟಿಲಲ್ಲೇ ಸೋಲುತ್ತೇನೆ, ಈ ಗೋಡೆಗೆ ಒರಗಿ ಸೋಲಲಾರೆ ಎಂದುಕೊಂಡು ಸಾಲಿನಿಂದ ಹೊರಬಂದು ಮನೆಯ ಕಡೆ ನಡೆದಳು.

ಕ್ಲೋತಿಲ್ದೆ ಅವಳ ಹಿಂದೆ ಬಂದಳು.

ಅದೂ ಅಭ್ಯಾಸವೇ. ಸಾಲಿನಲ್ಲಿ ನಿಂತವರಿಗೆ ಅಂಗಡಿ ಮುಖ್ಯವಲ್ಲ, ಮುಂದಿನವರ ಬೆನ್ನು ಮುಖ್ಯ. ಆ ಬೆನ್ನು ಕಣ್ಣು ತಪ್ಪಿತೋ, ಕೆಟ್ಟಿರಿ. ಮೊದಲನೆಯವಳು ಹೊರಟಳೆಂದರೆ ಸುದ್ದಿ ಏನೋ ಗೊತ್ತಾಗಿದೆ ಎಂದೇ ಲೆಕ್ಕ. ಕ್ಲೋತಿಲ್ದೆಯ ಬೆನ್ನು ನೋಡಿ ಮೂರನೆಯವಳು ಹೊರಟಳು, ಅವಳನ್ನು ನೋಡಿ ಇನ್ನೊಬ್ಬ, ಅವನ ಹಿಂದೆ ಎವೆಲಿಯೊ, ಅವನ ಹಿಂದೆ ಚೀಲಗಳ ಮೆರವಣಿಗೆ. ಮಿಗ್ದಾಲಿಯಾ ತಿರುಗಿ ನೋಡಿ ಹೌಹಾರಿದಳು.

"ಎಲ್ಲಿಗೆ ಬರ್ತಿದೀರಿ? ನಾನು ನನ್ನ ಮನೆಗೆ ಹೋಗ್ತಿರೋದು."

ಸಾಲಿನುದ್ದಕ್ಕೂ ಮಾತು ಹರಿಯಿತು: ಮನೆಯಲ್ಲೇ ಇಳಿಸಿದ್ದಾರಂತೆ. ಜನ ಹೆಜ್ಜೆ ಚುರುಕುಗೊಳಿಸಿದರು. ಟೋಪಿಯ ಅಧಿಕಾರಿಯೂ ಹಿಂದಿನಿಂದ ಓಡಿಬಂದು, ಕೊನೆಯವರು ಯಾರು ಎಂದು ಕೇಳಿದನಂತೆ. ಇದು ಎವೆಲಿಯೊ ಆಮೇಲೆ ಹೇಳಿದ್ದು, ಅವನ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ.

ಮಿಗ್ದಾಲಿಯಾ ಕಟ್ಟಡದ ಬಾಗಿಲು ಹೊಕ್ಕು ಮೆಟ್ಟಿಲು ಹಿಡಿದಳು. ಮೊದಲ ತಿರುವಿನ ಕಟ್ಟೆ ಬಂತು. ಕೂರೋಣವೆಂದು ಕಣ್ಣು ಅತ್ತ ಹೋದರೆ, ಬೆನ್ನಿಗೆ ಕ್ಲೋತಿಲ್ದೆಯ ಸುಗಂಧ. ಕೂತರೆ ಇವಳು ದಾಟಿಕೊಂಡು ಹೋಗುತ್ತಾಳೆ, ಇವಳ ಹಿಂದೆ ಎಲ್ಲರೂ ದಾಟುತ್ತಾರೆ, ನನ್ನ ಮನೆಗೆ ನನಗಿಂತ ಮೊದಲು ಈ ಊರೆಲ್ಲ ನುಗ್ಗುತ್ತದೆ! ಆ ಯೋಚನೆಗೇ ಮೈಯಲ್ಲಿ ಬೆಂಕಿ ಬಿದ್ದಂತಾಗಿ ಎರಡನೇ ಮಹಡಿ ಹತ್ತಿದಳು. ಕಾಲು ನಡುಗಿತು. ಕಂಬಿ ಹಿಡಿದಳು, ಬಿಟ್ಟಳು. ಕೆಳಗಿನಿಂದ ಯಾರೋ, ಅಜ್ಜಿ ನಿಂತುಬಿಟ್ರಾ, ಸ್ವಲ್ಪ ಬೇಗ, ಎಂದು ಕೂಗಿದರು. ನಿಮ್ಮಜ್ಜಿ ನಿಲ್ಲಲಿ, ಎಂದು ಬೈಯುತ್ತಾ ಮೂರನೆಯದಕ್ಕೆ ಕಾಲಿಟ್ಟಳು. ಒಸ್ಮೆಲ್‌ನನ್ನು ಬೈದಳು, ಎವೆಲಿಯೊನ ಕೈಯನ್ನು ಬೈದಳು, ಬಿದ್ದ ಮರವನ್ನು ಬೈದಳು, ಹುಟ್ಟದ ಕೋಳಿಯನ್ನು ಬೈದಳು. ಬೈಗುಳ ಮುಗಿಯುವುದರೊಳಗೆ ಮೆಟ್ಟಿಲು ಮುಗಿದಿತ್ತು.

ತನ್ನ ಬಾಗಿಲ ಮುಂದೆ ನಿಂತಿದ್ದಳು. ಎಲ್ಲೂ ಕೂತಿರಲಿಲ್ಲ.

ಬಾಗಿಲಲ್ಲಿ ಯಾನೆಲಿಸ್ ಇದ್ದಳು, ಅವಳ ಪಕ್ಕದಲ್ಲಿ ಫಿಲಿಬೆರ್ತೊ. ಸಣ್ಣ ಆಳು. ಬಾಲ್ಕನಿಯ ಗಾಳಿ ಒಗ್ಗುತ್ತದೋ ಇಲ್ಲವೋ ನೋಡಲೆಂದು ಪಂಜರದಲ್ಲಿ ಒಂದು ಜೋಡಿ ಪಾರಿವಾಳವನ್ನೂ ತಂದಿದ್ದ. ಮೆಟ್ಟಿಲ ತುಂಬ ಜನ ನೋಡಿ ಪಂಜರವನ್ನು ಎದೆಗೆ ಅವುಚಿಕೊಂಡ. ಕ್ಲೋತಿಲ್ದೆ ಪಂಜರದೊಳಗೆ ಇಣುಕಿದಳು.

"ಇಷ್ಟೇನಾ?" ಎಂದಳು.

ಇಷ್ಟೇ ಅಂತೆ ಎಂಬ ಮಾತು ಮೂರು ಮಹಡಿ ಇಳಿದು ರಸ್ತೆ ಮುಟ್ಟಿತು. ಮೂಳೆ ಸಮೇತ ಎಂದವರು ಯಾರು, ಪೆಟ್ಟಿಗೆಗಟ್ಟಲೆ ಎಂದವರು ಯಾರು ಎಂದು ಕೆಳಗೆ ಜಗಳ ಹತ್ತಿತು. ಎರಡು ಹಕ್ಕಿಗೆ ಊರನ್ನೆಲ್ಲ ಮೆಟ್ಟಿಲು ಹತ್ತಿಸಿದಳು ಈ ಮುದುಕಿ ಎಂದು ಮಿಗ್ದಾಲಿಯಾಳನ್ನು ವಾಚಾಮಗೋಚರ ಬೈಯುತ್ತಾ ಜನ ಇಳಿದುಹೋದರು. ಅವಳಿಗೆ ಆ ಬೈಗುಳ ಕಿವಿಗೆ ಬೀಳಲೂ ಇಲ್ಲ.

"ನೋಡಿದ್ಯಾ?" ಎಂದಳು ಮಗಳಿಗೆ, ಏದುಸಿರು ಬಿಡುತ್ತಾ.

"ನೋಡಿದೆ ಅಮ್ಮ. ಗೆದ್ದೆ."

ಯಾನೆಲಿಸ್ ತಾಯಿಯ ಹಣೆಗೆ ಮುತ್ತು ಕೊಟ್ಟಳು. ಮಾತಿಗೆ ತಪ್ಪುವ ಹುಡುಗಿಯಲ್ಲ. ಫಿಲಿಬೆರ್ತೊಗೆ ಕ್ಷಮೆ ಕೇಳಿ, ನಮ್ಮದು ಆಗುವುದಿಲ್ಲ, ಬೇರೆ ಮನೆ ನೋಡಿ ಎಂದಳು. ಅವನು ಬಾಲ್ಕನಿಯ ಕಡೆ ಇನ್ನೊಂದು ಸಲ ಆಸೆಯಿಂದ ನೋಡಿ, ಪಂಜರ ಎತ್ತಿಕೊಂಡು ಹೋದ.

ಅಷ್ಟರಲ್ಲಿ ಕೆಳಗಿನಿಂದ ನೀರು ಬಂತು ಎಂಬ ಕೂಗು ಕೇಳಿತು. ಆ ಕಟ್ಟಡದಲ್ಲಿ ನೀರು ನೆಲಮಹಡಿಯಿಂದ ಮೇಲೆ ಏರುವುದಿಲ್ಲ. ಯಾನೆಲಿಸ್ ಎರಡು ಡಬ್ಬ ಹಿಡಿದು ಹೊರಟಳು. ಗೆದ್ದ ಅಮಲಿನಲ್ಲಿದ್ದ ಮಿಗ್ದಾಲಿಯಾ, ಇರು, ನಾನೂ ಬರುತ್ತೇನೆ, ಇನ್ನೊಂದು ಸಲ ಹತ್ತಿ ತೋರಿಸುತ್ತೇನೆ ಎಂದು ಒಂದು ಹೂಜಿ ಎತ್ತಿಕೊಂಡು ಹಿಂದೆಯೇ ಇಳಿದಳು. ಕೆಳಗೆ ನೆಲಮಹಡಿಯ ಹೆಂಗಸು ಸಿಕ್ಕಳು. ಅವಳಿಗೆ ತನ್ನ ವಿಜಯವನ್ನು ಬಣ್ಣಿಸದೆ ಬಿಡುವುದುಂಟೇ? ಬಣ್ಣಿಸಿ ಮುಗಿಸುವಷ್ಟರಲ್ಲಿ ಯಾನೆಲಿಸ್ ಡಬ್ಬ ತುಂಬಿಕೊಂಡು ಮುಂದೆ ಹೋಗಿದ್ದಳು. ತಾಯಿ ಇನ್ನೂ ಕೆಳಗೇ ಹರಟುತ್ತಿದ್ದಾಳೆಂದು ಅವಳು ತಿಳಿದಿರಬೇಕು.

ಮಿಗ್ದಾಲಿಯಾ ಹೂಜಿ ಹಿಡಿದು ಹತ್ತುತ್ತಿದ್ದಳು. ಮೊದಲ ತಿರುವಿಗೆ ಬಂದು ತಲೆ ಎತ್ತಿದಾಗ ಮೇಲಿನ ತಿರುವಿನ ಕಟ್ಟೆಯ ಮೇಲೆ ಯಾರೋ ಕೂತಿರುವುದು ಕಂಡಿತು. ಡಬ್ಬ ಎರಡೂ ಪಕ್ಕದಲ್ಲಿದ್ದವು. ಯಾನೆಲಿಸ್ ಒಂದು ಕೈಯಲ್ಲಿ ಸೊಂಟ ಒತ್ತಿ ಹಿಡಿದು, ಹಣೆಯನ್ನು ಗೋಡೆಗೆ ಆನಿಸಿಕೊಂಡಿದ್ದಳು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಎದ್ದು, ಡಬ್ಬ ಎತ್ತಿ, ನಾಲ್ಕು ಹೆಜ್ಜೆ ಹತ್ತಿ ಮತ್ತೆ ಇಳಿಸಿದಳು. ಮಿಗ್ದಾಲಿಯಾ ಸದ್ದಾಗದಂತೆ ಒಂದು ತಿರುವು ಕೆಳಗೇ ಹಿಂಬಾಲಿಸಿದಳು. ಬಾಗಿಲ ಬಳಿ ಬಂದಾಗ ಯಾನೆಲಿಸ್ ಮುಖ ಒರೆಸಿಕೊಂಡು, ಕೂದಲು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡಳು. ಅಲ್ಲಿಂದ ಮುಂದಿನ ಮುಖ ಮಿಗ್ದಾಲಿಯಾಗೆ ಗೊತ್ತು. ದಿನವೂ ಒಳಗೆ ಬರುತ್ತಿದ್ದದ್ದು ಆ ಮುಖವೇ. ಕುರ್ಚಿಯಲ್ಲಿ ಕೂತು, ಇಷ್ಟು ಹೊತ್ತು ಏನು ಮಾಡ್ತಿದ್ದೆ, ಬಾವಿ ತೋಡ್ತಿದ್ಯಾ ಎಂದು ಅದನ್ನು ದಿನವೂ ಕೇಳುತ್ತಿದ್ದವಳು ತಾನೇ.

ಹೂಜಿಯನ್ನು ಅಲ್ಲೇ ಇಟ್ಟು ಮೇಲೆ ಹೋದಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಸೊಂಟ. ನಾಟಕ ಆಡ್ಬೇಡ, ನೋಡಿದೆ ನಾನು."

ಯಾನೆಲಿಸ್ ಡಬ್ಬ ಇಳಿಸಿದಳು. ನೀನು ಬಿದ್ದಾಗಿನಿಂದ, ಎಂದಳು. ತಾಯಿಯನ್ನು ಎತ್ತಿಕೊಂಡು ಇಳಿಸುವಾಗ ಹಿಡಿದುಕೊಂಡದ್ದು, ಆಮೇಲೆ ಬಿಡಲೇ ಇಲ್ಲ.

"ಹೇಳೋಕೆ ಏನಾಗಿತ್ತು ನಿಂಗೆ? ಅಮ್ಮನ ಕಾಲು, ಅಮ್ಮನ ಕಾಲು ಅಂತ ಊರೆಲ್ಲ ಸಾರ್ಕೊಂಡು ಬಂದ್ಯಲ್ಲ. ನಿನ್ನ ಸೊಂಟಕ್ಕೆ ಬಾಯಿ ಇರ್ಲಿಲ್ವಾ?"

"ನಿನ್ನ ಕಾಲು ಅಂದ್ರೆ ನೀನು ಜಗಳ ಆಡ್ತೀಯ, ಅಷ್ಟೆ. ನನ್ನ ಸೊಂಟ ಅಂದಿದ್ರೆ ಅವತ್ತೇ ನೀನು ಡಬ್ಬ ಎತ್ಕೊಂಡು ಇಳಿದಿರ್ತಿದ್ದೆ. ಮತ್ತೆ ಬಿದ್ದಿರ್ತಿದ್ದೆ."

ಮಗಳ ಮಾತು ನಿಜವಾಗಿತ್ತು. ಇಷ್ಟು ದಿನ ಮೇಷ್ಟ್ರು ಸರಿಯಿಲ್ಲ, ಸಾಲು ಸರಿಯಿಲ್ಲ, ಊರು ಸರಿಯಿಲ್ಲ ಎಂದು ಉರಿದುರಿದು ಸತ್ತವಳಿಗೆ ತನ್ನ ಮನೆಯ ಬಾಗಿಲ ಹೊರಗೆ ನಡೆಯುತ್ತಿದ್ದದ್ದು ಕಂಡಿರಲಿಲ್ಲ. ಬಾಲ್ಕನಿಗೆ ಹೋಗಿ ಕೆಳಗೆ ನೋಡಿದಳು. ಬೀದಿಯ ತುದಿಯ ಬಸ್ ನಿಲ್ದಾಣದಲ್ಲಿ ಫಿಲಿಬೆರ್ತೊ ಪಂಜರ ಇಟ್ಟುಕೊಂಡು ಕೂತಿದ್ದ. ಬಸ್ಸು ಬಂದಿರಲಿಲ್ಲ, ಅದು ಯಾವಾಗ ತಾನೇ ಬರುತ್ತದೆ.

"ಅಮ್ಮ, ಎಲ್ಲಿಗೆ?" ಎಂದಳು ಯಾನೆಲಿಸ್.

ಮಿಗ್ದಾಲಿಯಾ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಎಲ್ಲೂ ಕೂರಲಿಲ್ಲ. ಕಾಲು ಈಗ ಚೆನ್ನಾಗಿ ನಡೆಯುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು. ಬಸ್ ನಿಲ್ದಾಣಕ್ಕೆ ಹೋಗಿ ಫಿಲಿಬೆರ್ತೊನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತಳು. ಅವನು ಪಂಜರವನ್ನು ಹತ್ತಿರಕ್ಕೆ ಎಳೆದುಕೊಂಡ.

"ನಿಮ್ಮ ಅಂಗಳದ ತೊಟ್ಟಿಗೆ ದಿನಾ ನೀರು ಬರುತ್ತಾ?"

ಬರುತ್ತದೆ, ಎಂದ ಅವನು, ಏನೂ ತಿಳಿಯದೆ.

"ಬಾಲ್ಕನಿ ಕಂಬಿ ಮೇಲೆ ಗಲೀಜು ಮಾಡಿಸ್ಬಾರ್ದು. ಎದುರು ಮನೆಯವಳು ಮಾತಾಡ್ಸಿದ್ರೆ ಉತ್ತರ ಕೊಡ್ಬಾರ್ದು, ಅವಳು ಸರಿ ಇಲ್ಲ. ಒಪ್ಪಿಗೆನಾ?"

ಫಿಲಿಬೆರ್ತೊ ಅವಳನ್ನೂ, ಅವಳು ಇಳಿದುಬಂದ ಕಟ್ಟಡವನ್ನೂ ನೋಡಿದ.

"ಆದ್ರೆ ಅಮ್ಮ, ನೀವು ಹತ್ತಿದ್ರಲ್ಲ. ನಾನೇ ಕಣ್ಣಾರೆ ನೋಡಿದ್ನಲ್ಲ."

"ನಾನು ಹತ್ತುತ್ತೀನಿ," ಎಂದಳು ಮಿಗ್ದಾಲಿಯಾ. "ನನ್ನ ಮಗಳ ಕೈಲಾಗಲ್ಲ."

ಅವನು ಪಂಜರವನ್ನು ನೆಲಕ್ಕಿಳಿಸಿ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ಆಕೆ ಕೂರಲಿಲ್ಲ, ನಿಂತೇ ಅತ್ತಳು.